ಹೆಸರು ಕೊಟ್ಟು ಹಕ್ಕು ತಡೆದ ಕಾನೂನು: ಲಂಬೀ ಜನರ 137 ವರ್ಷಗಳ ಹೋರಾಟ

2025ರ ಡಿಸೆಂಬರ್ 18ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ರಕ್ಷಣಾ ಇಲಾಖೆಯ ವಾರ್ಷಿಕ ಮಸೂದೆಗೆ ಸಹಿ ಹಾಕಿದರು. ಶಸ್ತ್ರಾಸ್ತ್ರ, ಸೈನಿಕರ ಸಂಬಳದ ಲೆಕ್ಕಗಳ ನಡುವೆ ಸೈನ್ಯಕ್ಕೆ ಸಂಬಂಧವೇ ಇಲ್ಲದ ಒಂದು ಭಾಗವೂ ಅದರಲ್ಲಿತ್ತು. ನಾರ್ತ್ ಕ್ಯಾರೊಲಿನಾ ರಾಜ್ಯದ ಲಂಬೀ ಜನರನ್ನು ಕೇಂದ್ರ ಸರ್ಕಾರ ಪೂರ್ಣವಾಗಿ ಬುಡಕಟ್ಟು ಎಂದು ಒಪ್ಪಿಕೊಳ್ಳುತ್ತದೆ ಎಂದು ಆ ಭಾಗ ಹೇಳುತ್ತಿತ್ತು. ಈ ಮಾತು ಕೇಳಲು ಅವರು ಕೇಂದ್ರಕ್ಕೆ ಮೊದಲ ಅರ್ಜಿ ಹಾಕಿದ್ದು 1888ರಲ್ಲಿ.

ಲಂಬೀ ಜನರ ಊರು ರಾಬೆಸನ್ ಕೌಂಟಿ ಮತ್ತು ಅದರ ಅಕ್ಕಪಕ್ಕ. ಪೆಂಬ್ರೋಕ್ ಪಟ್ಟಣ ಅವರ ಕೇಂದ್ರ. ಜೌಗು, ಮರಗಾಡುಗಳ ನಡುವೆ ಕಪ್ಪು ನೀರಿನ ಲಂಬರ್ ನದಿ ಹರಿಯುತ್ತದೆ. ಅವರ ಹೆಸರು ಬಂದದ್ದು ಆ ನದಿಯಿಂದಲೇ. ಸದಸ್ಯರ ಸಂಖ್ಯೆ 55 ಸಾವಿರಕ್ಕೂ ಜಾಸ್ತಿ. ಇಷ್ಟು ದೊಡ್ಡ ಸಮುದಾಯ ಒಂದು ಶತಮಾನಕ್ಕೂ ಹೆಚ್ಚು ಕಾಲ ಕೇಂದ್ರ ಒಪ್ಪಿಕೊಂಡ ಬುಡಕಟ್ಟುಗಳ ಪಟ್ಟಿಯ ಹೊರಗೆ ಉಳಿದದ್ದು ಯಾಕೆ?

ಅವರ ಇತಿಹಾಸ ಸರ್ಕಾರದ ಅಳತೆಗೆ ಸಿಕ್ಕಲಿಲ್ಲ. ಅಮೆರಿಕ ಸರ್ಕಾರ ಅವರೊಂದಿಗೆ ಯುದ್ಧ ಮಾಡಿ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಅವರನ್ನು ಓಡಿಸಿ ಮೀಸಲು ನೆಲಕ್ಕೆ ಕೂಡಿ ಹಾಕಿರಲೂ ಇಲ್ಲ. 1700ರ ಸುಮಾರಿಗೆ ಸಿಡುಬು ಮತ್ತು ಯುದ್ಧಗಳಲ್ಲಿ ನುಚ್ಚುನೂರಾದ ಹಲವು ಬುಡಕಟ್ಟುಗಳ ಜನ ಈ ಜೌಗು ನೆಲಕ್ಕೆ ಬಂದು ಸೇರಿಕೊಂಡರು. ಇಲ್ಲಿ ಉಳುವುದು ಕಷ್ಟ, ದಾರಿ ಕಷ್ಟ. ಆದ್ದರಿಂದ ಬಿಳಿಯರೂ ತಡವಾಗಿ ಬಂದರು. ಅಷ್ಟು ಹೊತ್ತಿಗೆ ಇವರು ಇಂಗ್ಲಿಷ್ ಮಾತಾಡುತ್ತಿದ್ದರು, ಕ್ರೈಸ್ತರಾಗಿದ್ದರು, ತಮ್ಮ ಹೆಸರಿನಲ್ಲೇ ಜಮೀನು ಇಟ್ಟುಕೊಂಡಿದ್ದರು. ಕರಿಯರ ಜೊತೆಗೂ ಬಿಳಿಯರ ಜೊತೆಗೂ ಮದುವೆ ಸಂಬಂಧಗಳು ಆಗಿದ್ದವು. ಮೂಲನಿವಾಸಿ ಎಂದರೆ ಹೀಗೇ ಇರಬೇಕು ಎಂದು ಅಧಿಕಾರಿಗಳ ತಲೆಯಲ್ಲಿದ್ದ ಚಿತ್ರಕ್ಕೆ ಇವರು ಹೊಂದಲಿಲ್ಲ. ತಪ್ಪು ಆ ಚಿತ್ರದ್ದು. ಆದರೆ ಅದರ ಬೆಲೆ ಕಟ್ಟಿದವರು ಲಂಬೀ ಜನ.

1835ರಲ್ಲಿ ರಾಜ್ಯ ತನ್ನ ಸಂವಿಧಾನ ತಿದ್ದಿ, ಬಿಳಿಯರಲ್ಲದ ಸ್ವತಂತ್ರ ಜನರ ಮತದ ಹಕ್ಕು ಕಿತ್ತುಕೊಂಡಿತು. ಅಂತರ್ಯುದ್ಧ ಬಂದಾಗ ಇವರ ಗಂಡಸರನ್ನು ಹಿಡಿದು ಕರಾವಳಿಯ ಫೋರ್ಟ್ ಫಿಶರ್ ಕೋಟೆ ಕಟ್ಟುವ ಕೂಲಿಗೆ ಎಳೆದೊಯ್ದರು. ಹಲವರು ತಪ್ಪಿಸಿಕೊಂಡು ಜೌಗಿನಲ್ಲಿ ಅವಿತರು. 1865ರ ಮಾರ್ಚ್‌ನಲ್ಲಿ ಅಲ್ಲಿನ ಹೋಮ್ ಗಾರ್ಡ್ ಪಡೆ ಆಲನ್ ಲೌರಿ ಮತ್ತು ಅವನ ಮಗ ವಿಲಿಯಮ್ ಮೇಲೆ ಕಳ್ಳತನದ ಆರೋಪ ಹೊರಿಸಿ, ವಿಚಾರಣೆಯ ಶಾಸ್ತ್ರ ಮುಗಿಸಿ, ಗುಂಡಿಟ್ಟು ಕೊಂದಿತು. ಆಲನ್‌ನ ಇನ್ನೊಬ್ಬ ಮಗ ಹೆನ್ರಿ ಬೆರಿ ಲೌರಿ ಆಗಲೇ ತಲೆಮರೆಸಿಕೊಂಡಿದ್ದ. ಅವನ ತಂಡದಲ್ಲಿ ಕರಿಯರೂ ಇದ್ದರು, ಬಿಳಿಯರೂ ಇದ್ದರು. ಉಳ್ಳವರ ಮನೆ ದೋಚಿ ಬಡವರಿಗೆ ಹಂಚುತ್ತಾ ಅವರು ಏಳೆಂಟು ವರ್ಷ ಹೋರಾಡಿದರು. ಅವನ ತಲೆಗೆ 12 ಸಾವಿರ ಡಾಲರ್ ಇನಾಮು ಇತ್ತು. 1872ರ ನಂತರ ಅವನು ಯಾರಿಗೂ ಕಾಣಿಸಲಿಲ್ಲ, ಇನಾಮು ಯಾರಿಗೂ ಸಿಗಲಿಲ್ಲ. ರಾಬೆಸನ್‌ನಲ್ಲಿ ಇವತ್ತಿಗೂ ಅವನ ಕತೆ ಹೇಳುತ್ತಾರೆ.

1885ರಲ್ಲಿ ರಾಜ್ಯ ಸರ್ಕಾರ ಅವರನ್ನು 'ಕ್ರೊಅಟನ್ ಇಂಡಿಯನ್ನರು' ಎಂದು ಒಪ್ಪಿಕೊಂಡಿತು. ಇಲ್ಲಿ ಇಂಡಿಯನ್ನರು ಎಂದರೆ ಅಮೆರಿಕದ ಮೂಲನಿವಾಸಿಗಳು. 1587ರಲ್ಲಿ ರೋನೋಕ್ ದ್ವೀಪಕ್ಕೆ ಬಂದು, 'ಕ್ರೊಅಟನ್' ಎಂಬ ಪದ ಕೆತ್ತಿಟ್ಟು ಕಾಣೆಯಾದ ಇಂಗ್ಲಿಷರ ವಂಶಸ್ಥರು ಇವರೇ ಎಂದು ಹ್ಯಾಮಿಲ್ಟನ್ ಮೆಕ್‌ಮಿಲನ್ ಎಂಬ ಶಾಸಕ ನಂಬಿದ್ದರಿಂದ ಆ ಹೆಸರು ಬಂತು. ಇವರ ಮತ ತಮ್ಮ ಪಕ್ಷಕ್ಕೆ ಬರಲಿ ಎನ್ನುವ ಲೆಕ್ಕವೂ ಅದರ ಹಿಂದಿತ್ತು. ಏನೇ ಆಗಲಿ, ಪ್ರತ್ಯೇಕ ಶಾಲೆಗಳು ಸಿಕ್ಕವು. 1887ರಲ್ಲಿ ಶಿಕ್ಷಕರನ್ನು ತಯಾರು ಮಾಡುವ ಶಾಲೆಗೆ ರಾಜ್ಯ 500 ಡಾಲರ್ ಕೊಟ್ಟಿತು. ಆ ದುಡ್ಡು ಸಂಬಳಕ್ಕೆ. ಕಟ್ಟಡವನ್ನು ಊರವರೇ ಎಬ್ಬಿಸಿದರು. 15 ವಿದ್ಯಾರ್ಥಿಗಳೊಂದಿಗೆ ಶುರುವಾದ ಆ ಶಾಲೆ ಇವತ್ತು ಪೆಂಬ್ರೋಕ್‌ನ ವಿಶ್ವವಿದ್ಯಾಲಯ.

ಮರುವರ್ಷವೇ ಕೆಲವರು ಆ ಶಾಲೆಗೆ ನೆರವು ಕೇಳಿ ವಾಷಿಂಗ್ಟನ್‌ಗೆ ಅರ್ಜಿ ಬರೆದರು. ಉತ್ತರ ಬಂದದ್ದು 1890ರಲ್ಲಿ. ಈಗಾಗಲೇ ನಮ್ಮ ಆಶ್ರಯದಲ್ಲಿರುವ ಬುಡಕಟ್ಟುಗಳಿಗೇ ಹಣ ಸಾಲುತ್ತಿಲ್ಲ, ನಿಮಗೆಲ್ಲಿಂದ ತರುವುದು ಎನ್ನುವುದು ಅದರ ಸಾರ. ನೀವು ಮೂಲನಿವಾಸಿಗಳೇ ಅಲ್ಲ ಎಂದು ಆ ಪತ್ರ ಹೇಳಲಿಲ್ಲ. ಇದನ್ನು ನೆನಪಿಡಬೇಕು. ಮೊದಲ ಅಡ್ಡಿ ರಕ್ತದ್ದಲ್ಲ, ದುಡ್ಡಿನದು.

ರಕ್ತದ ಪ್ರಶ್ನೆ ಎದ್ದದ್ದು ಆಮೇಲೆ. ರಾಬೆಸನ್‌ನಲ್ಲಿ ಆಗ ಎಲ್ಲವೂ ಮೂರು ಮೂರು. ಬಿಳಿಯರ ಶಾಲೆ, ಕರಿಯರ ಶಾಲೆ, ಇಂಡಿಯನ್ ಶಾಲೆ. ಲಂಬರ್ಟನ್‌ನ ಸಿನಿಮಾ ಮಂದಿರದಲ್ಲೂ ಮೂರು ಕಡೆ ಕೂರಬೇಕು. 1934ರಲ್ಲಿ ಬಂದ ಹೊಸ ಕೇಂದ್ರ ಕಾನೂನಿನ ಪ್ರಕಾರ, ಅರ್ಧ ಅಥವಾ ಅದಕ್ಕಿಂತ ಜಾಸ್ತಿ 'ಇಂಡಿಯನ್ ರಕ್ತ' ಇದ್ದವರಿಗೆ ನೆರವು ಸಿಗಬಹುದಿತ್ತು. ರಕ್ತವನ್ನು ಅಳೆಯುವುದು ಹೇಗೆ? ಅದಕ್ಕೆ 1936ರಲ್ಲಿ ಕಾರ್ಲ್ ಸೆಲ್ಟ್ಸರ್ ಎಂಬ ಮಾನವಶಾಸ್ತ್ರಜ್ಞರನ್ನು ಕಳಿಸಿದರು. ಅವರು ಜನರ ತಲೆ ಅಳೆದರು, ಮೂಗು ಅಳೆದರು, ಕೂದಲು ನೋಡಿದರು, ಚರ್ಮದ ಬಣ್ಣ ನೋಡಿದರು. ಹೀಗೆ ಪರೀಕ್ಷೆಗೆ ನಿಂತವರು 209 ಜನ. ಪಾಸಾದವರು 22 ಜನ. ಒಂದೇ ತಾಯಿತಂದೆಯ ಮಕ್ಕಳಲ್ಲಿ ಒಬ್ಬರು ಇಂಡಿಯನ್, ಇನ್ನೊಬ್ಬರು ಅಲ್ಲ ಎಂದಾಯಿತು. ಇದನ್ನು ವಿಜ್ಞಾನ ಎಂದು ಕರೆದು ಸರ್ಕಾರಿ ಕಡತಕ್ಕೆ ಸೇರಿಸಿದರು ಎಂದು ಓದುವಾಗ ಹೊಟ್ಟೆ ಉರಿಯುತ್ತದೆ. ಯಾರ ಮಗಳು ಯಾರು, ಯಾವ ಚರ್ಚಿಗೆ ಯಾವ ಮನೆಯವರು ಸೇರಿದವರು ಎಂದು ಕೇಳಿದ್ದರೆ ಊರಿನ ಯಾವ ಅಜ್ಜಿಯಾದರೂ ಹೇಳುತ್ತಿದ್ದರು.

ಈ ನಡುವೆ ಹೆಸರೂ ಬದಲಾಗುತ್ತಾ ಹೋಯಿತು. 1911ರಲ್ಲಿ 'ರಾಬೆಸನ್ ಕೌಂಟಿಯ ಇಂಡಿಯನ್ನರು'. 1913ರಲ್ಲಿ 'ರಾಬೆಸನ್ ಕೌಂಟಿಯ ಚೆರೊಕೀ'. ಅದೇ ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿರುವ ಈಸ್ಟರ್ನ್ ಚೆರೊಕೀ ಬುಡಕಟ್ಟು ಇದಕ್ಕೆ ಸಿಟ್ಟಾಯಿತು. ಆ ಸಿಟ್ಟು ಮುಂದೆ ತುಂಬಾ ದುಬಾರಿಯಾಯಿತು. ಕೊನೆಗೆ 1952ರಲ್ಲಿ ಜನರೇ ಮತ ಹಾಕಿ ಲಂಬೀ ಎಂಬ ಹೆಸರು ಆರಿಸಿಕೊಂಡರು. ಮರುವರ್ಷ ರಾಜ್ಯ ಅದನ್ನು ಒಪ್ಪಿತು.

ಇನ್ನು 1956. ಇಡೀ ಕತೆಯ ಗಂಟು ಇರುವುದು ಇಲ್ಲಿ. ಜೂನ್ 7ರಂದು ಐಸೆನ್‌ಹೋವರ್ ಸಹಿ ಹಾಕಿದ ಲಂಬೀ ಕಾಯ್ದೆ ಇವರನ್ನು 'ಲಂಬೀ ಇಂಡಿಯನ್ನರು' ಎಂದು ಹೆಸರಿಸಿತು. ಆದರೆ ಇಂಡಿಯನ್ನರು ಎನ್ನುವ ಕಾರಣಕ್ಕೆ ಕೇಂದ್ರ ಕೊಡುವ ಯಾವ ಸೇವೆಗೂ ಇವರು ಅರ್ಹರಲ್ಲ ಎಂದೂ ಅದೇ ಕಾಯ್ದೆ ಹೇಳಿತು. ಹಳೆಯ ಬುಡಕಟ್ಟುಗಳ ಮಾನ್ಯತೆಯನ್ನೇ ಕಿತ್ತುಹಾಕಿ ಖರ್ಚು ಉಳಿಸಲು ವಾಷಿಂಗ್ಟನ್ ಹೊರಟಿದ್ದ ಕಾಲ ಅದು. ಹೊಸಬರಿಗೆ ಬಾಗಿಲು ತೆಗೆಯುವ ಮನಸ್ಸು ಯಾರಿಗೂ ಇರಲಿಲ್ಲ.

ಎರಡೇ ವರ್ಷದಲ್ಲಿ ಇಡೀ ಅಮೆರಿಕಕ್ಕೆ ಲಂಬೀ ಹೆಸರು ಗೊತ್ತಾಯಿತು. 1958ರ ಜನವರಿಯಲ್ಲಿ ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಎರಡು ಲಂಬೀ ಮನೆಗಳಿಗೆ ಬೆದರಿಕೆ ಹಾಕಲು ಶಿಲುಬೆ ಸುಟ್ಟರು. ಅವರ ನಾಯಕ ಜೇಮ್ಸ್ 'ಕ್ಯಾಟ್‌ಫಿಶ್' ಕೋಲ್ 18ನೇ ತಾರೀಕು ಮ್ಯಾಕ್ಸ್ಟನ್ ಹತ್ತಿರದ ಹೇಯ್ಸ್ ಕೆರೆಯ ಬಳಿ ಸಭೆ ಕರೆದ. ರಾತ್ರಿ ಚಳಿಯಲ್ಲಿ, ಒಂದೇ ಒಂದು ಬಲ್ಬಿನ ಬೆಳಕಲ್ಲಿ ಕೆಲವು ಡಜನ್ ಕ್ಲಾನ್ ಮಂದಿ ಸೇರಿದ್ದರು. ಸುತ್ತ ನೂರಾರು ಲಂಬೀ ಜನ ಬಂದೂಕು ಹಿಡಿದು ನಿಂತರು. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರೂ ಅವರಲ್ಲಿದ್ದರು. ಯಾರೋ ಬಲ್ಬಿಗೆ ಹೊಡೆದರು, ಕತ್ತಲಾಯಿತು. ಆಕಾಶದ ಕಡೆ ಗುಂಡುಗಳು ಹಾರಿದವು. ಕೋಲ್ ಜೌಗಿನೊಳಗೆ ಓಡಿಹೋದ. ಯಾರೂ ಸಾಯಲಿಲ್ಲ. ಕ್ಲಾನ್ ಬಾವುಟವನ್ನು ಕಿತ್ತು ಮೈಗೆ ಸುತ್ತಿಕೊಂಡು ಇಬ್ಬರು ಲಂಬೀ ಗಂಡಸರು ನಗುತ್ತಿರುವ ಫೋಟೊ ಲೈಫ್ ಪತ್ರಿಕೆಯಲ್ಲಿ ಬಂತು. ಅವರಲ್ಲಿ ಒಬ್ಬರಾದ ಸಿಮಿಯನ್ ಆಕ್ಸೆಂಡೈನ್ ಯುದ್ಧವಿಮಾನದಲ್ಲಿ ಕೆಲಸ ಮಾಡಿದ್ದ ಸೈನಿಕ. ಪತ್ರಿಕೆಗಳು ಅಂದು ಅವರನ್ನು ಇಂಡಿಯನ್ನರು ಎಂದೇ ಕರೆದವು. ಯಾರೂ ಮೂಗು ಅಳೆಯಲಿಲ್ಲ.

1978ರಲ್ಲಿ ಬುಡಕಟ್ಟುಗಳ ವಿಷಯ ನೋಡಿಕೊಳ್ಳುವ ಕೇಂದ್ರದ ಒಳಾಡಳಿತ ಇಲಾಖೆ ಮಾನ್ಯತೆ ಕೇಳಲು ಒಂದು ಕ್ರಮ ರೂಪಿಸಿತು. ಲಂಬೀ ಜನ ವಂಶಾವಳಿ, ದಾಖಲೆಗಳನ್ನು ಕಲೆಹಾಕಿ 1987ರಲ್ಲಿ ಅರ್ಜಿ ಕೊಟ್ಟರು. 1956ರ ಕಾಯ್ದೆ ಅಡ್ಡ ಇದೆ, ನಿಮ್ಮ ಅರ್ಜಿ ನೋಡುವ ಹಾಗೇ ಇಲ್ಲ ಎಂದು 1989ರಲ್ಲಿ ಇಲಾಖೆಯ ವಕೀಲರು ಹೇಳಿದರು. ಸಂಸತ್ತು ಹಾಕಿದ ಬೀಗವನ್ನು ಸಂಸತ್ತೇ ತೆಗೆಯಬೇಕು ಎಂದಾಯಿತು. ಈ ಅಭಿಪ್ರಾಯ ತಪ್ಪು ಎಂದು ಇಲಾಖೆಯೇ ಒಪ್ಪಿಕೊಂಡದ್ದು 2016ರ ಡಿಸೆಂಬರ್‌ನಲ್ಲಿ, ಅಂದರೆ 27 ವರ್ಷದ ನಂತರ.

ಅಷ್ಟರಲ್ಲಿ ಸಂಸತ್ತಿನಲ್ಲಿ ಮಸೂದೆಗಳು ಬಂದವು, ಹೋದವು. 1991, 1993, 2009, 2020, 2021, 2024. ಪ್ರತಿನಿಧಿ ಸಭೆ ಒಪ್ಪುತ್ತಿತ್ತು, ಸೆನೆಟ್‌ನಲ್ಲಿ ನಿಲ್ಲುತ್ತಿತ್ತು. ವಿರೋಧಿಗಳಲ್ಲಿ ಮುಂದಿದ್ದದ್ದು ಈಸ್ಟರ್ನ್ ಚೆರೊಕೀ. ವಂಶದ ದಾಖಲೆಯನ್ನು ತಜ್ಞರು ಪರಿಶೀಲಿಸಬೇಕು, ರಾಜಕಾರಣಿಗಳು ಮತದಿಂದ ತೀರ್ಮಾನಿಸಬಾರದು ಎಂದು ಅವರು ವಾದಿಸಿದರು. ಸುಳ್ಳು ವಂಶಾವಳಿ ಹೇಳಿಕೊಂಡು ಬರುವವರಿಂದ ನೊಂದ ಬುಡಕಟ್ಟಿನ ಮಾತು ಅದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಆ ಪರಿಶೀಲನೆಯ ಬಾಗಿಲನ್ನೇ 27 ವರ್ಷ ಮುಚ್ಚಿದ್ದರಲ್ವಾ? ಇದರ ಜೊತೆಗೆ ಕೇಂದ್ರದ ಸೀಮಿತ ಹಣಕ್ಕೆ ಇನ್ನೊಬ್ಬ ದೊಡ್ಡ ಪಾಲುದಾರ ಬರುತ್ತಾನೆ, ಮಾನ್ಯತೆಯ ಬಲದಿಂದ ನಾಳೆ ಕ್ಯಾಸಿನೊ ತೆರೆಯಬಹುದು ಎನ್ನುವ ಆತಂಕವೂ ಕೆಲಸ ಮಾಡಿತು.

ಕೊನೆಗೆ ಬೀಗ ತೆಗೆದದ್ದು ಚುನಾವಣೆಯ ಲೆಕ್ಕ. 2012ರಲ್ಲಿ ಒಬಾಮಾಗೆ ಒಲಿದಿದ್ದ ರಾಬೆಸನ್ ಕೌಂಟಿ 2016ರಿಂದ ಟ್ರಂಪ್ ಕಡೆ ವಾಲಿತು. 2024ರ ಪ್ರಚಾರದಲ್ಲಿ ಟ್ರಂಪ್ ಮಾನ್ಯತೆಯ ಮಾತು ಕೊಟ್ಟರು. 2025ರ ಜನವರಿ 23ರಂದು ಅದಕ್ಕೊಂದು ಯೋಜನೆ ತಯಾರಿಸಲು ಆದೇಶಿಸಿದರು. ವರ್ಷದ ಕೊನೆಗೆ, ಪಾಸಾಗಲೇಬೇಕಾದ ರಕ್ಷಣಾ ಮಸೂದೆಗೆ ಲಂಬೀ ಭಾಗವನ್ನು ಸೇರಿಸಿದರು. ಅಲ್ಲಿಯವರೆಗೆ ಕೇಂದ್ರದ ಪಟ್ಟಿಯಲ್ಲಿದ್ದದ್ದು 574 ಬುಡಕಟ್ಟುಗಳು.

ಈಗ ಇವರಿಗೆ ಮೂಲನಿವಾಸಿಗಳ ಆರೋಗ್ಯ ಸೇವೆ, ಶಿಕ್ಷಣದ ನೆರವು ಸಿಗಬೇಕು. ತಮ್ಮ ನೆಲವನ್ನು ಕೇಂದ್ರದ ರಕ್ಷಣೆಗೆ ಒಪ್ಪಿಸುವ ಹಕ್ಕೂ ಬಂದಿದೆ. ಆದರೆ ದುಡ್ಡು ತಾನಾಗಿ ಬರುವುದಿಲ್ಲ. ಮೊದಲು ಸದಸ್ಯರ ಪಟ್ಟಿಯನ್ನು ಇಲಾಖೆ ಪರಿಶೀಲಿಸಬೇಕು, ಎಷ್ಟು ಆಸ್ಪತ್ರೆ, ಎಷ್ಟು ಸಿಬ್ಬಂದಿ ಬೇಕೆಂದು ಲೆಕ್ಕ ಹಾಕಬೇಕು, ಆ ಹಣವನ್ನು ಸಂಸತ್ತು ಪ್ರತ್ಯೇಕವಾಗಿ ಮಂಜೂರು ಮಾಡಬೇಕು. ರಾಬೆಸನ್ ರಾಜ್ಯದ ಬಡ ಕೌಂಟಿಗಳಲ್ಲಿ ಒಂದು. ಅಲ್ಲಿನ ಜನ ಈಗ ಕೇಳುತ್ತಿರುವುದು ಆ ಆಸ್ಪತ್ರೆ ಯಾವಾಗ ತೆರೆಯುತ್ತದೆ ಎಂದು.