ಬೆಳಗುತ್ತಿರುವ ಕ್ವೇಸಾರ್: ಮೊದಲು ಪಕ್ಕದ ನಕ್ಷತ್ರ ನೋಡಿ

ಯಾವುದೋ ಕ್ವೇಸಾರ್ (ಬಹುದೂರದ ಗೆಲಾಕ್ಸಿಯ ನಡುವೆ ದೈತ್ಯ ಕಪ್ಪುಕುಳಿಯಿಂದಾಗಿ ಹೊಳೆಯುವ, ನಮಗೆ ನಕ್ಷತ್ರದಂತೆ ಕಾಣುವ ಚುಕ್ಕೆ) ಜೋರಾಗಿ ಬೆಳಗುತ್ತಿದೆ ಅಂತ ಸುದ್ದಿ ಬಂದ ರಾತ್ರಿ ನಾನು ಮೊದಲು ನೋಡುವುದು ಅದರ ಅಕ್ಕಪಕ್ಕದ ನಕ್ಷತ್ರಗಳನ್ನು. ಕ್ವೇಸಾರ್ ಸರದಿ ಆಮೇಲೆ. ಚಿಕ್ಕಬಳ್ಳಾಪುರದ ಆಕಾಶವನ್ನು ನಂಬುವ ಹಾಗಿಲ್ಲ. ನಂದಿ ಬೆಟ್ಟದ ಕಡೆಯಿಂದ ತೆಳು ಮಂಜು ಬಂದರೆ ಫ್ರೇಮಿನಲ್ಲಿ, ಅಂದರೆ ಟೆಲಿಸ್ಕೋಪಿನಿಂದ ತೆಗೆದ ಚಿತ್ರದಲ್ಲಿ, ಇರುವುದೆಲ್ಲ ಒಟ್ಟಿಗೆ ಮಂಕಾಗುತ್ತದೆ, ಸರಿದರೆ ಒಟ್ಟಿಗೆ ಹೊಳೆಯುತ್ತದೆ. ಕ್ವೇಸಾರ್ ಒಂದನ್ನೇ ಅಳೆಯುತ್ತಾ ಕೂತರೆ ನಾವು ಅಳೆದದ್ದು ಮಂಜನ್ನೇ!

ಅದಕ್ಕೇ ಅದೇ ಫ್ರೇಮಿನಲ್ಲಿ, ಬೆಳಕು ಬದಲಾಗದ ಎರಡು ಮೂರು ನಕ್ಷತ್ರ ಆರಿಸಿಕೊಳ್ಳುತ್ತೇವೆ. ಎ ಮತ್ತು ಬಿ ಅನ್ನೋಣ. ಮಂಜು ಬರಲಿ ಹೋಗಲಿ, ಎ–ಬಿ ನಡುವಿನ ವ್ಯತ್ಯಾಸ ಇಡೀ ರಾತ್ರಿ 0.01, 0.02 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ) ಒಳಗೇ ಇದ್ದು, ಕ್ವೇಸಾರ್–ಎ ವ್ಯತ್ಯಾಸ ಮಾತ್ರ ಜಾರುತ್ತಾ ಹೋದರೆ ಆಗ ಕಿವಿ ನಿಮಿರುತ್ತದೆ. ಎ–ಬಿ ಕೂಡ ಅಲ್ಲಾಡಿದರೆ ಆ ರಾತ್ರಿಯ ಲೆಕ್ಕ ಪಕ್ಕಕ್ಕಿಡುವುದೇ ವಾಸಿ.

ಅಷ್ಟು ದೂರದ್ದು ನಿಜವಾಗಿ ಎಷ್ಟು ತಾನೇ ಬದಲಾದೀತು ಅಂತ ಕೇಳುವವರಿದ್ದಾರೆ. ಸಿಟಿಎ 102 ಅನ್ನೋ ಕ್ವೇಸಾರ್ ನೋಡಿ. ಸಾಮಾನ್ಯವಾಗಿ 16–17ನೇ ಮ್ಯಾಗ್ನಿಟ್ಯೂಡ್ ಸುತ್ತಮುತ್ತ ಇರುವ ಮಂಕು ಚುಕ್ಕೆ. 2016ರ ಡಿಸೆಂಬರ್ ಕೊನೆಗೆ 11ರ ಹತ್ತಿರ ಬಂತು. ಮ್ಯಾಗ್ನಿಟ್ಯೂಡ್ 5 ಕಡಿಮೆಯಾದರೆ ಬೆಳಕು 100 ಪಟ್ಟು ಜಾಸ್ತಿ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ತಲುಪಲು ಸುಮಾರು 800 ಕೋಟಿ ವರ್ಷ ಬೇಕು, ಆದರೂ ಆ ದಿನಗಳಲ್ಲಿ ಚಿಕ್ಕ ಟೆಲಿಸ್ಕೋಪಿನಲ್ಲೂ ಸಿಗುವಂತಿತ್ತು. ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಧಾರೆ, ಅಂದರೆ ಜೆಟ್, ಹೆಚ್ಚುಕಡಿಮೆ ನಮ್ಮ ಕಡೆಗೇ ಮುಖ ಮಾಡಿದ್ದು, ಅದರ ಕಣಗಳು ಬೆಳಕಿನ ವೇಗದ ಹತ್ತಿರ ಓಡುವುದರಿಂದ ನಮಗೆ ಬೆಳಕು ಹಲವು ಪಟ್ಟು ಹೆಚ್ಚಾಗಿ ಕಾಣುತ್ತದೆ. ಜೆಟ್ ತುಸು ತಿರುಚಿ ಇನ್ನಷ್ಟು ನೇರವಾದರೂ ಸಾಕು, ಹೊಳಪು ಏರುತ್ತದೆ. 2016ರ ಏರಿಕೆಗೆ ಕೊಟ್ಟ ಒಂದು ವಿವರಣೆ ಇದೇ.

ಸಮಯ ಮಾತ್ರ ಕಮ್ಮಿ. ಈ ಕ್ವೇಸಾರ್ ಇರುವುದು ಪೆಗಾಸಸ್‌ನಲ್ಲಿ, ನಮ್ಮ ಪೂರ್ವಾಭಾದ್ರ ಇರುವ ನಕ್ಷತ್ರಪುಂಜ. ಡಿಸೆಂಬರ್ ಕೊನೆಗೆ ಎಂಟೂವರೆ ಹೊತ್ತಿಗೆಲ್ಲ ಅದು ಪಶ್ಚಿಮಕ್ಕೆ ವಾಲಿ ದೂಳಿನ ಪದರದ ಕಡೆ ಇಳಿಯುತ್ತಿರುತ್ತದೆ. ಕತ್ತಲಾದ ಮೇಲೆ ಒಳ್ಳೆಯ ಫ್ರೇಮ್ ಸಿಗುವುದು ಒಂದು, ಒಂದೂವರೆ ಗಂಟೆ.

ಇದರ ಜೊತೆಗೆ ಸೇವಂತಿಗೆ ತೋಟಗಳು. ಹೂ ಬೇಗ ಬಿಡದಿರಲಿ ಅಂತ ರಾತ್ರಿ ಸಾಲು ಸಾಲು ಬಲ್ಬ್ ಉರಿಸುತ್ತಾರೆ. ನೋಡೋಕೆ ಚೆಂದ, ಬೆಳೆಗಾರರ ಹೊಟ್ಟೆಪಾಡು, ಬೇಡ ಅನ್ನೋಕೆ ನಾನ್ಯಾರು? ಆದರೆ ಆಕಾಶದ ಹಿನ್ನೆಲೆ ಏರುತ್ತದೆ. ಚಿತ್ರದಲ್ಲಿ ಚುಕ್ಕೆಯ ಸುತ್ತ ಒಂದು ಉಂಗುರ ಹಾಕಿ ಹಿನ್ನೆಲೆಯ ಬೆಳಕನ್ನು ಕಳೆಯಬಹುದು. ಆದರೆ ಆ ಬೆಳಕು ಅಳತೆಯಲ್ಲಿ ತಂದ ಏರುಪೇರು ಹೋಗುವುದಿಲ್ಲ. ಒಂದೇ ಉದ್ದ ಎಕ್ಸ್‌ಪೋಷರ್ ಬದಲು ಚಿಕ್ಕವು ಹಲವನ್ನು ತೆಗೆದು ಕೂಡಿಸುತ್ತೇನೆ. ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದವರಿಗೆ ಈ ಪಾಡಿಲ್ಲ. ಅವರು ಸೂರ್ಯನ ರೇಡಿಯೊ ಅಲೆಗಳನ್ನು ಹಗಲಲ್ಲೇ ಹಿಡಿಯುತ್ತಾರೆ!

ನಮ್ಮಲ್ಲಿ ಕ್ವೇಸಾರ್ ಇಳಿದ ಮೇಲೆ ಯೂರೋಪಿನವರು, ಅವರ ನಂತರ ಅಮೆರಿಕದವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಎಲ್ಲರ ಅಳತೆಗಳು ಗ್ರಾಫಿನ ಒಂದೇ ಗೆರೆಯಲ್ಲಿ ಕೂರಬೇಕಾದರೆ ಯಾವ ಫಿಲ್ಟರ್, ಯಾವ ಹೋಲಿಕೆ ನಕ್ಷತ್ರ ಅಂತ ಬರೆದಿರಲೇಬೇಕು. ಸಮಯವನ್ನು ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು, ಎಲ್ಲರಿಗೂ ಒಂದೇ ಆದ ವಿಶ್ವ ಸಮಯದಲ್ಲಿ (ಯುಟಿಸಿ) ಹಾಕಿ. ದೋಷ 0.1 ಬಂದರೆ 0.1 ಅಂತಲೇ ಬರೆಯಿರಿ, ಸುಮ್ನೆ 0.02 ಅಂತ ಚೆಂದ ಮಾಡಬೇಡಿ.