ಪದ ಪರಿಚಯ: ಸಾಲ್ಟೇಶನ್, ಅಂದರೆ ಮರಳಿನ ಜಿಗಿತ

ಗಾಳಿಗೆ ಸಿಕ್ಕ ಮರಳಿನ ಕಣ ಮೇಲಕ್ಕೆ ಚಿಮ್ಮಿ, ಮುಂದೆ ಸಾಗಿ, ಓರೆಯಾಗಿ ಬಂದು ನೆಲಕ್ಕೆ ಬಡಿಯುತ್ತದೆ. ಆ ಏಟಿಗೆ ಇನ್ನಷ್ಟು ಕಣಗಳು ಎದ್ದು ಜಿಗಿಯುತ್ತವೆ. ಇದೇ ಸಾಲ್ಟೇಶನ್. ದೂಳು ಮೇಲೇರಿ ಗಂಟೆಗಟ್ಟಲೆ ತೇಲುತ್ತದೆ. ಮರಳು ಮಾತ್ರ ಬಹುಪಾಲು ಮೊಣಕಾಲಿನಿಂದ ಕೆಳಗೇ ಓಡುತ್ತದೆ.

ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನೋಲ್ಡ್ 1930ರ ದಶಕದಲ್ಲಿ ಇದರ ಲೆಕ್ಕ ಹಾಕಿದರು. ಸಾಗುವ ಮರಳು ಹೆಚ್ಚುಕಡಿಮೆ ಗಾಳಿವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಮರಳು ಸುಮಾರು ಎಂಟು ಪಟ್ಟು! ಹಾಗಾಗಿ ದಿನದ ಸರಾಸರಿ ಗಾಳಿ ನೋಡಿ ಅಂದಾಜು ಮಾಡಿದರೆ ಲೆಕ್ಕ ತಪ್ಪುತ್ತದೆ. ಜೊತೆಗೆ ನೆಲ ಒದ್ದೆಯಾಗಿದ್ದರೆ, ಮೇಲ್ಪದರ ಗಟ್ಟಿ ಹಕ್ಕಳೆಯಾಗಿದ್ದರೆ ಜೋರು ಗಾಳಿ ಬೀಸಿದರೂ ಮರಳು ಏಳದೆ ಇರಬಹುದು. ಸೂತ್ರ ಸಾಲದು, ಜಾಗಕ್ಕೇ ಹೋಗಿ ಅಳೆಯಬೇಕು.

ಅಳೆಯಲು ಎರಡು ಬಗೆಯ ಸಲಕರಣೆ ಬೇಕು. ಒಂದು, ಮರಳು ಹಿಡಿಯುವ ಡಬ್ಬಿ. ಬಾಯಿಗೆ ಬಂದ ಮರಳು ಒಳಗೆ ಉಳಿಯುತ್ತದೆ, ಆಮೇಲೆ ತೂಗುತ್ತಾರೆ. ಎಷ್ಟು ಎಂಬುದು ಗೊತ್ತಾಗುತ್ತದೆ, ಯಾವಾಗ ಬಂತು ಎಂಬುದಲ್ಲ. ಇನ್ನೊಂದು, ಕಣಗಳ ಬಡಿತ ಗುರುತಿಸುವ ಸೆನ್ಸರ್, ಉದಾಹರಣೆಗೆ ಸೆನ್ಸಿಟ್ ಎಂಬ ಹೆಸರಿನದು. ನೆಟ್ಟ ಕೊಳವೆಯ ಸುತ್ತ ಪೀಜೋ ಹರಳಿನ ಉಂಗುರ. ಕಣ ಬಡಿದಾಗಲೆಲ್ಲ ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ, ಅದನ್ನು ಡೇಟಾ ಲಾಗರ್ ಎಂಬ ದಾಖಲೆ ಸಾಧನ ಎಣಿಸಿಕೊಳ್ಳುತ್ತದೆ. ಇದು ಸಮಯ ಹೇಳುತ್ತದೆ, ತೂಕ ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾದ ಓವೆನ್ಸ್ ಕೆರೆಯಲ್ಲಿ ಎರಡನ್ನೂ ಅಕ್ಕಪಕ್ಕ ನೆಟ್ಟರು. 1913ರಲ್ಲಿ ಲಾಸ್ ಏಂಜಲೀಸ್ ನಗರ ಅಲ್ಲಿನ ನದಿನೀರನ್ನು ತನ್ನತ್ತ ತಿರುಗಿಸಿಕೊಂಡ ಮೇಲೆ ಕೆರೆ ಒಣಗಿ, ಊರುಗಳಿಗೆ ದೂಳು ನುಗ್ಗತೊಡಗಿತ್ತು. ಎರಡರ ಲೆಕ್ಕ ಸೇರಿಸುವುದು ಹೀಗೆ: ಡಬ್ಬಿಯಲ್ಲಿ 100 ಗ್ರಾಂ ಮರಳು ಸಿಕ್ಕಿದೆ ಅನ್ನಿ. ಅಷ್ಟು ದಿನ ಸೆನ್ಸರ್ ಎಣಿಸಿದ ಬಡಿತಗಳಲ್ಲಿ ಶೇಕಡಾ 10 ಒಂದೇ ಗಂಟೆಯಲ್ಲಿ ಬಿದ್ದಿದ್ದರೆ, ಆ ಗಂಟೆಯ ಪಾಲು 10 ಗ್ರಾಂ. ನೆಲದ ಸಣ್ಣ ದೂಳನ್ನು ಕೆದಕಿ ಎಬ್ಬಿಸುವುದು ಈ ಜಿಗಿಯುವ ಮರಳೇ ಅಲ್ವಾ? ಹಾಗಾಗಿ ಯಾವ ತುಂಡು ನೆಲದಿಂದ, ಯಾವ ಹೊತ್ತಿಗೆ ದೂಳೆದ್ದಿತು ಎಂಬುದನ್ನೂ ಇದರಿಂದಲೇ ಅಂದಾಜು ಮಾಡುತ್ತಾರೆ. ಜನರ ಉಸಿರಿನ ವಿಷಯ, ಸುಮ್ನೆ ಊಹೆ ಸಾಲದು.

ಅಲ್ಲಿ ಸಲಕರಣೆಗಳ ಎತ್ತರ ನೆಲದಿಂದ 15 ಸೆಂ.ಮೀ. ಗಾಳಿಗೆ ನೆಲವೇ ಸವೆದರೆ, ಇಲ್ಲವೇ ಮರಳು ಗುಡ್ಡೆಯಾದರೆ ಆ ಎತ್ತರ ಬದಲಾಗುತ್ತದೆ. ನೆಲಕ್ಕೆ ಹತ್ತಿರವಾದಷ್ಟೂ ಮರಳು ಜಾಸ್ತಿ. ಆದ್ದರಿಂದ ಪ್ರತಿ ಭೇಟಿಯಲ್ಲೂ ಎತ್ತರವನ್ನು ಅಳೆದು ಸರಿಪಡಿಸಲೇಬೇಕು.