ಮೂವತ್ತು ಸಾವಿರದ ಚಸ್ಮಾ ಯಾರಿಗೆ ಬೇಕು?

"ಸರ, ಇದು ಹಾಕ್ಕೊಂಡ್ರ ಫೋನ್ ಬೇಕಾಗಂಗಿಲ್ಲಂತಲ್ರಿ?" ಕಲಬುರಗಿಯ ನನ್ನ ಚಸ್ಮಾ ಅಂಗಡಿಗೆ ಬರುವ ಕಾಲೇಜು ಹುಡುಗರು ಸ್ಮಾರ್ಟ್ ಚಸ್ಮಾದ ಬಗ್ಗೆ ಮೊದಲು ಕೇಳುವುದೇ ಇದನ್ನು.

ಫೋನ್ ಬೇಕೇ ಬೇಕು. ಮೆಟಾ ಕಂಪನಿಯ ಸ್ಮಾರ್ಟ್ ಚಸ್ಮಾ ರೇ-ಬ್ಯಾನ್ ಮೆಟಾ 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದಾಗ ಆರಂಭದ ಬೆಲೆ 29,900 ರೂಪಾಯಿ. 12 ಮೆಗಾಪಿಕ್ಸೆಲ್ ಕ್ಯಾಮೆರಾ, ಕಿವಿಯ ಹತ್ತಿರ ಸ್ಪೀಕರ್, ಮೈಕ್ ಇವೆ. ಗಾಜಿನ ಮೇಲೆ ಪರದೆ ಮೂಡುವುದಿಲ್ಲ. ಕರೆ, ಇಂಟರ್ನೆಟ್ ಎಲ್ಲ ಜೇಬಿನ ಫೋನಿನಿಂದಲೇ. ಆಗ ಬಂದ ಆ ಮಾದರಿ ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 4 ಗಂಟೆ ನಡೆಯುತ್ತದೆ. ಪರದೆ ಇರುವ ಮಾದರಿಯನ್ನು ಅದೇ ಕಂಪನಿ ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ತಂದಿತು, 799 ಡಾಲರಿಗೆ. ನಂಬರ್ ಇದ್ದವರಿಗೆ ಲೆನ್ಸಿನ ಖರ್ಚು ಬೇರೆ.

ಬೆಲೆ ನೋಡುವವರು ಕೂರುವಿಕೆಯನ್ನು ಮರೆಯುತ್ತಾರೆ. ಮಾಮೂಲಿ ಪ್ಲಾಸ್ಟಿಕ್ ಫ್ರೇಮ್ ಸಡಿಲವಾದರೆ ಕಡ್ಡಿಯ ತುದಿಗೆ ಬಿಸಿ ಗಾಳಿ ಹಿಡಿದು, ಮೆತ್ತಗಾದ ಮೇಲೆ ಕಿವಿಯ ಹಿಂದಿನ ತಿರುವಿಗೆ ಬಗ್ಗಿಸುತ್ತೇವೆ. ಎರಡು ನಿಮಿಷದ ಕೆಲಸ. ಸ್ಮಾರ್ಟ್ ಚಸ್ಮಾದ ಕಡ್ಡಿಯೊಳಗೆ ಬ್ಯಾಟರಿ, ಸರ್ಕ್ಯೂಟ್ ಇರುವುದರಿಂದ ಆ ಬಿಸಿ ಕೊಡುವಂತಿಲ್ಲ. ತೂಕ ಸುಮಾರು 50 ಗ್ರಾಂ. ಮೂಗಿನ ಮೇಲೆ ಜಾರಿದರೆ ಲೆನ್ಸಿನ ಕೇಂದ್ರ ಕಣ್ಣಿನ ನೇರಕ್ಕೆ ನಿಲ್ಲುವುದಿಲ್ಲ, ನಂಬರ್ ಹೆಚ್ಚಿದ್ದವರಿಗೆ ತಲೆನೋವು ಬರಬಹುದು. ಅದಕ್ಕೇ ನಾನು ಹೇಳುವುದು, ಅರ್ಧ ಗಂಟೆ ಹಾಕಿಕೊಂಡು ತಲೆ ಬಗ್ಗಿಸಿ, ನಡೆದಾಡಿ ನೋಡದೆ ಆನ್‌ಲೈನಿನಲ್ಲಿ ತರಿಸಬೇಡಿ ಎಂದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಗಾಡಿಯ ಡಿಕ್ಕಿಯಲ್ಲಿ ಇಡಲೂಬೇಡಿ. ಲಿಥಿಯಂ ಬ್ಯಾಟರಿಗೆ ಆ ಕಾವು ಆಗಿಬರುವುದಿಲ್ಲ.

ರೀಲ್ಸ್‌ಗೆ, ಹಾಡಿಗೆ ಫೋನ್ ಸಾಕು. ಹುಡುಗರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಆದರೆ ಲೆನ್ಸ್ ಹಾಕಿದರೂ ದೃಷ್ಟಿ ಸುಧಾರಿಸದವರ ಮಾತು ಬೇರೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತವರು ಫೋನ್ ಎತ್ತಿ ಬೋರ್ಡಿಗೆ ಹಿಡಿಯುವುದು ಹೇಗೆ? ಎದುರಿಗೆ ಏನಿದೆ ಎಂದು ಕೇಳಿದರೆ ಕಿವಿಯಲ್ಲಿ ಹೇಳುವ ಚಸ್ಮಾ ಅವರಿಗೆ ನಿಜಕ್ಕೂ ಆಸರೆ. ಅವರೂ ಮೊದಲು ಆಂಡ್ರಾಯ್ಡ್ ಫೋನಿನಲ್ಲಿ ಕ್ಯಾಮೆರಾಕ್ಕೆ ಕಂಡದ್ದನ್ನು ಓದಿ ಹೇಳುವ ಗೂಗಲ್‌ನ ಲುಕ್‌ಔಟ್ ಆ್ಯಪ್ ಹಾಕಿ ನೋಡಲಿ, ಅದು ಉಚಿತ. ಅದರಲ್ಲಿ ಕೈ ಖಾಲಿಯಿಲ್ಲದ್ದೇ ತೊಡಕು ಎಂದು ಕಂಡರೆ ಚಸ್ಮಾಕ್ಕೆ ಬನ್ನಿ. ಬರುವಾಗ ಮನೆಯ ಜೆಸ್ಕಾಂ ಕರೆಂಟ್ ಬಿಲ್ ತಂದು ಅಂಗಡಿಯಲ್ಲೇ ಓದಿಸಿ. ಕನ್ನಡ ಅಕ್ಷರಕ್ಕೆ ತಡವರಿಸಿದರೆ ದುಡ್ಡು ಬಿಚ್ಚಬೇಡಿ.